ಬಾಂಜ್ ಮತ್ತು ದೇವದಾರು

ಓಕ್ ಮರವನ್ನು ಹುಟ್ಟಿದಾಗಿನಿಂದ ನೋಡಿದ್ದೇನೆಂದೇ ನಾನು ತಿಳಿದಿದ್ದೆ. ನನ್ನ ತವರು ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆ. ಅಲ್ಲಿ ಸಿಲ್ವರ್ ಓಕ್ ಇಲ್ಲದ ತೋಟವೇ ಇಲ್ಲ. ನೆಟ್ಟಗೆ ಮೇಲಕ್ಕೆ ಹೋಗುವ ಮರ, ಎಲೆಯ ಅಡಿಗೆ ಬೆಳ್ಳಿಯ ಬಣ್ಣ, ಮೈತುಂಬ ಮೆಣಸಿನ ಬಳ್ಳಿ. ನಾವೆಲ್ಲ ಬರೀ ‘ಸಿಲ್ವರ್’ ಎನ್ನುತ್ತಿದ್ದೆವು. ಹಾಗಾಗಿ 2003ರ ನವೆಂಬರಿನಲ್ಲಿ ತಂಗಿಯ ಮನೆಗೆಂದು ರಾಣಿಖೇತ್‌ಗೆ ಹೋದಾಗ, ಅವಳ ಗಂಡ ರಸ್ತೆಯಂಚಿನ ಗಂಟುಗಂಟಾದ ಮರವೊಂದನ್ನು ತೋರಿಸಿ, “ಅಕ್ಕ, ಇದು ಓಕ್” ಎಂದರೆ ನಾನು ಒಪ್ಪಲಿಲ್ಲ.

“ಓಕ್ ನಮ್ಮೂರಲ್ಲಿ ಬೇಕಾದಷ್ಟಿದೆ ಬಿಡಿ. ಇದು ಯಾವುದೋ ಕಾಡು ಮರ” ಎಂದೆ.

ಅವರು ಸೈನ್ಯದವರು, ಹೆಚ್ಚು ಮಾತಿಲ್ಲ. ನಕ್ಕು ಸುಮ್ಮನಾದರು. ಸಂಜೆ ತಂಗಿ ಒಂದು ಪುಸ್ತಕ ತಂದು ಮುಂದೆ ಹಿಡಿದಳು. ನಮ್ಮ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದದ್ದು. ಓಕಿನ ಕುಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕೊಯ್ದ ಹಲಗೆಯ ಮೇಲಿನ ಗೆರೆಗಳು ಓಕಿನ ಹಾಗೆ ಕಂಡವೆಂದು ಆ ಹೆಸರಿಟ್ಟರಂತೆ. ಐವತ್ತು ವರ್ಷ ತುಂಬುವ ಹೊತ್ತಿಗೆ, ಮನೆಯ ಹಿತ್ತಲಲ್ಲೇ ಬೆಳೆದ ಮರದ ನಿಜವಾದ ಕುಲ ತಿಳಿದ ಹಾಗಾಯಿತು. ನಿಜವಾದ ಓಕ್, ನಾನು ಕಾಡು ಮರ ಎಂದು ಕಡೆಗಣಿಸಿದ್ದೇ. ಆ ಬೆಟ್ಟದವರು ಅದನ್ನು ‘ಬಾಂಜ್’ ಎನ್ನುತ್ತಾರೆ.

ತಂಗಿಯ ಕ್ವಾರ್ಟರ್ಸಿನ ಎದುರಿಗೆ ಎರಡು ಮರಗಳಿದ್ದವು. ಗೇಟಿನ ಬಲಕ್ಕೆ ದೇವದಾರು, ಎಡಕ್ಕೆ ಇಳಿಜಾರಿನ ಅಂಚಿನಲ್ಲಿ ಬಾಂಜ್. ಹದಿನೈದು ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕುಳಿತರೆ ಕಣ್ಣ ಮುಂದೆ ಇವೆರಡೇ. ಆಕಾಶ ತಿಳಿಯಾಗಿದ್ದರೆ ಇವುಗಳ ನಡುವೆ ತ್ರಿಶೂಲ ಮತ್ತು ನಂದಾದೇವಿ ಶಿಖರಗಳು ಬೆಳ್ಳಗೆ ನಿಂತಿರುತ್ತಿದ್ದವು.

ದೇವದಾರುವನ್ನು ಯಾರೂ ಹೊಗಳಿಕೊಡಬೇಕಾಗಿಲ್ಲ. ಅದು ಸೀಡರ್ ಕುಲದ ಮರ. ಲೆಬನಾನ್ ದೇಶದ ಬಾವುಟದಲ್ಲಿ ಹಸಿರು ಮರವೊಂದಿದೆಯಲ್ಲ, ಅದರ ಅಣ್ಣನೋ ತಮ್ಮನೋ ಎನ್ನಬಹುದು. ಎಳೆಯದಿದ್ದಾಗ ಗೋಪುರದ ಹಾಗೆ ಬೆಳೆಯುತ್ತದೆ. ಕೊಂಬೆಗಳು ಅಂತಸ್ತು ಅಂತಸ್ತಾಗಿ ಚಾಚಿ, ತುದಿಯಲ್ಲಿ ಮೆಲ್ಲಗೆ ಬಾಗುತ್ತವೆ. ವಯಸ್ಸಾದ ಮೇಲೆ ನೆತ್ತಿ ಚಪ್ಪಟೆಯಾಗಿ, ಛತ್ರಿ ಬಿಚ್ಚಿದ ಹಾಗೆ ನಿಲ್ಲುತ್ತದೆ. ಐವತ್ತು ಮೀಟರ್ ಏರುವುದೂ ಉಂಟು. ತೊಗಟೆ ಗೀರಿದರೆ ಪರಿಮಳ. ಆ ದಾರುವಿಗೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಎಲ್ಲಿ ನಿಂತು ನೋಡಿದರೂ ಚಿತ್ರಕ್ಕೆ ಕಟ್ಟು ಹಾಕಿದಂತಿರುವ ಮರ.

ಬಾಂಜ್ ಹಾಗಲ್ಲ. ಅದಕ್ಕೊಂದು ಆಕಾರವಿಲ್ಲ. ಕಾಂಡ ಡೊಂಕು, ತೊಗಟೆ ಒರಟು, ಮೈಮೇಲೆ ಪಾಚಿ, ಸಂದುಸಂದಿನಲ್ಲಿ ಜರೀಗಿಡ. ಎಲೆಯ ಅಂಚು ಗರಗಸ, ಬೆನ್ನು ಬೂದಿ ಬಿಳುಪು. ಗಾಳಿ ಬೀಸಿದಾಗ ಇಡೀ ಮರ ಒಮ್ಮೆ ಹಸಿರು, ಒಮ್ಮೆ ಬೂದಿ. ಬೆಳೆಯುವುದು ಬಹಳ ನಿಧಾನ. ನಮ್ಮ ಎದುರಿನದಕ್ಕೆ ಕೊಂಬೆಗಳನ್ನೂ ಯಾರೋ ಕತ್ತರಿಸಿ ಕತ್ತರಿಸಿ, ತಲೆಗೂದಲು ಕಿತ್ತ ಮಗುವಿನ ಹಾಗಾಗಿತ್ತು. “ಪಾಪ, ಇದನ್ನು ತೆಗೆದು ಇಲ್ಲೂ ಒಂದು ದೇವದಾರು ನೆಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು” ಎಂದು ತಂಗಿಗೆ ಹೇಳಿಯೂ ಹೇಳಿದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಕೊಂಬೆ ಕತ್ತರಿಸಿದವರು ಯಾರೆಂದು ತಿಳಿಯಿತು. ಬೆಳಿಗ್ಗೆ ಇಳಿಜಾರಿನ ಕೆಳಗಿನಿಂದ ಸೊಪ್ಪಿನ ಹೊರೆಯೊಂದು ತಾನಾಗಿ ನಡೆದುಬಂತು. ಹತ್ತಿರ ಬಂದ ಮೇಲೆ ಅದರ ಕೆಳಗೆ ಎರಡು ಕಾಲು, ಒಂದು ಮುಖ ಕಾಣಿಸಿತು. ಅರವತ್ತು ದಾಟಿದ ಮುದುಕಿ, ಸೊಂಟದಲ್ಲಿ ಕುಡುಗೋಲು. ಗೇಟಿನ ಕಟ್ಟೆಗೆ ಹೊರೆ ಆನಿಸಿ ಉಸಿರು ಬಿಟ್ಟರು. ತಂಗಿ ಅವರನ್ನು ‘ಆಮಾ’ ಎನ್ನುತ್ತಿದ್ದಳು. ಅಲ್ಲಿನವರ ಮಾತಿನಲ್ಲಿ ಅಜ್ಜಿ ಎಂದು. ಒಂದು ಲೋಟ ಚಹಾ ಕೊಟ್ಟಳು.

ನನ್ನ ಹಿಂದಿ ದೂರದರ್ಶನದ ಹಿಂದಿ. ಆದರೂ ಸೊಪ್ಪು ಎಲ್ಲಿಗೆ ಎಂದು ಕೇಳಿದೆ. ಆಮಾ ಹೇಳಿದ್ದನ್ನು ತಂಗಿ ತಿಳಿಸಿಕೊಟ್ಟಳು. ಚಳಿಗಾಲದಲ್ಲಿ ಬೆಟ್ಟದಲ್ಲಿ ಹುಲ್ಲಿರುವುದಿಲ್ಲ. ಆಗ ಹಸುವಿಗೆ ಬಾಂಜ್ ಸೊಪ್ಪೇ ಮೇವು. ತಿಂದು ಉಳಿದದ್ದು, ಒಣಗಿ ಉದುರಿದ್ದು ಕೊಟ್ಟಿಗೆಗೆ ಹಾಸಲು. ಸಗಣಿ ಗಂಜಲದಲ್ಲಿ ಕೊಳೆತ ಮೇಲೆ ಅದೇ ಗದ್ದೆಗೆ ಗೊಬ್ಬರ. ಒಣಗಿದ ಕೊಂಬೆ ಒಲೆಗೆ.

ನನಗೆ ಮೈ ಜುಮ್ಮೆಂದಿತು. ಅಲ್ಲ, ಇದು ನಮ್ಮ ಅಮ್ಮನ ದಿನಚರಿಯೇ ಅಲ್ಲವೇ! ಮಲೆನಾಡಿನ ಯಾವ ಹೆಂಗಸಿಗೆ ಸೊಪ್ಪು ತರುವುದು, ದರಗು ಗುಡಿಸುವುದು, ಕೊಟ್ಟಿಗೆಗೆ ಹಾಸುವುದು, ಗೊಬ್ಬರ ತೆಗೆಯುವುದು ಗೊತ್ತಿಲ್ಲ ಹೇಳಿ? ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿ, ಮಾತೇ ಅರ್ಥವಾಗದ ಹೆಂಗಸೊಬ್ಬರ ಬೆನ್ನ ಮೇಲೆ ನಮ್ಮ ಮನೆಯ ಸೊಪ್ಪಿನ ಹೊರೆ.

“ದೇವದಾರು ಸೊಪ್ಪು ಹಸು ತಿನ್ನುವುದಿಲ್ಲವೇ?” ಎಂದು ಕೇಳಿದೆ.

ಆಮಾ ನನ್ನನ್ನು ನೋಡಿದ ರೀತಿ ಇಂದಿಗೂ ನೆನಪಿದೆ. ಅದು ದೇವರದು ಎಂದರು, ಗುಡಿಯ ಕಡೆಗೆ ಕೈ ಮುಗಿದರು. ಇದು ನಮ್ಮದು ಎಂದು ಹೊರೆ ತಟ್ಟಿದರು. ಆಮೇಲೆ ಇಳಿಜಾರಿನ ಕೆಳಗೆ ಕೈ ತೋರಿಸಿ ‘ಪಾನಿ’ ಎಂದರು. ಅಲ್ಲೊಂದು ‘ನೌಲಾ’ ಇತ್ತು. ಸೆಲೆಯ ನೀರು ಬಂದು ನಿಲ್ಲಲೆಂದು ಹಿಂದಿನವರು ಕಲ್ಲು ಕಟ್ಟಿದ ಪುಟ್ಟ ಕೊಳ. ಅದರ ಮೇಲಿನ ಗುಡ್ಡವೆಲ್ಲ ಬಾಂಜ್ ಕಾಡು.

ಊರಿಗೆ ಮರಳಿದ ಮೇಲೆ ಈ ಎರಡು ಮರಗಳ ಚರಿತ್ರೆಯನ್ನು ಸಿಕ್ಕಸಿಕ್ಕಲ್ಲಿ ಓದುತ್ತ ಬಂದೆ. ರಾಜರ ಚರಿತ್ರೆ ಓದಿ ಪರೀಕ್ಷೆ ಬರೆದವಳು ನಾನು. ಮರಕ್ಕೂ ಚರಿತ್ರೆ ಇರುತ್ತದೆ, ಅದರಲ್ಲಿ ಹೆಂಗಸರ ಪಾಲೂ ಇರುತ್ತದೆ ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ದೇವದಾರುವಿನ ಚರಿತ್ರೆ ಕಾವ್ಯದಿಂದಲೇ ಸಿಗುತ್ತದೆ. ಕಾಳಿದಾಸನ ‘ರಘುವಂಶ’ದ ಎರಡನೆಯ ಸರ್ಗದಲ್ಲಿ ದಿಲೀಪ ಮಹಾರಾಜ ನಂದಿನಿ ಹಸುವನ್ನು ಕಾಯುತ್ತ ಹಿಮಾಲಯಕ್ಕೆ ಹೋಗುತ್ತಾನಲ್ಲ, ಅಲ್ಲಿ ಸಿಂಹವೊಂದು ಹಸುವನ್ನು ಹಿಡಿಯುತ್ತದೆ. ಆ ಸಿಂಹ ಅಲ್ಲಿರುವುದು ಒಂದು ದೇವದಾರು ಮರದ ಕಾವಲಿಗೆ. ಶಿವ ಆ ಮರವನ್ನು ಮಗನೆಂದು ಭಾವಿಸಿದ್ದಾನೆ, ಪಾರ್ವತಿ ಹೊಂಗಳಶದಿಂದ ನೀರೆರೆದು ಬೆಳೆಸಿದ್ದಾಳೆ. ಒಮ್ಮೆ ಕಾಡಾನೆ ಮೈ ತುರಿಸಿ ತೊಗಟೆ ಸುಲಿದಾಗ, ಮಗ ಸ್ಕಂದನಿಗೇ ಗಾಯವಾದಷ್ಟು ಆಕೆ ನೊಂದಳಂತೆ. ತಾಯಿಯಾದವಳಿಗೆ ಇದು ಬರೀ ಕವಿಕಲ್ಪನೆ ಎನಿಸುವುದಿಲ್ಲ.

ಅಲ್ಮೋರಾ ದಾಟಿ ಜಾಗೇಶ್ವರಕ್ಕೂ ಹೋಗಿದ್ದೆವು. ಸುಮಾರು ಏಳನೆಯ ಶತಮಾನದಿಂದ ಕಟ್ಟುತ್ತ ಬಂದ ನೂರಕ್ಕೂ ಹೆಚ್ಚು ಕಲ್ಲಿನ ಗುಡಿಗಳು ಒಂದು ಕಣಿವೆಯಲ್ಲಿವೆ. ಸುತ್ತ ದೇವದಾರುಗಳು ಗುಡಿಗಳಿಗಿಂತ ಎತ್ತರಕ್ಕೆ ನಿಂತು ಹಗಲಲ್ಲೇ ಮಬ್ಬು ಕವಿಸುತ್ತವೆ. ಬೇರೆಡೆ ಕೊಡಲಿಗೆ ಬಿದ್ದ ಮರ ಅಲ್ಲಿ ದೇವರ ಹೆಸರಿನಲ್ಲಿ ಉಳಿಯಿತು. ನಮ್ಮ ಕೊಡಗಿನ ದೇವರಕಾಡುಗಳೂ ಹೀಗೆಯೇ ಉಳಿದವಲ್ಲವೇ.

ದೇವರು ಇಲ್ಲದ ಕಡೆ ಏನಾಯಿತು? ಇಲ್ಲಿ ಇಂಗ್ಲಿಷರ ಪ್ರವೇಶವಾಗುತ್ತದೆ.

ಇಂಗ್ಲಿಷರು ಭಾರತಕ್ಕೆ ಬರುವಾಗ ಓಕ್ ಯಾವುದು, ಸೀಡರ್ ಯಾವುದು ಎಂಬ ತಿಳಿವಳಿಕೆಯನ್ನು ತಮ್ಮ ಊರಿನಿಂದಲೇ ತಂದಿದ್ದರು. ಓಕ್ ಅವರಿಗೆ ಮನೆಯ ಮರ. ಅವರ ಯುದ್ಧದ ಹಡಗುಗಳು ಓಕಿನವು. 1651ರಲ್ಲಿ ಯುದ್ಧ ಸೋತ ಎರಡನೆಯ ಚಾರ್ಲ್ಸ್ ಶತ್ರುಗಳಿಂದ ಅಡಗಿ ಕುಳಿತದ್ದು ಓಕ್ ಮರದ ಮೇಲೆ. ಲೆಬನಾನಿನ ಸೀಡರ್ ಹದಿನೇಳನೆಯ ಶತಮಾನದಲ್ಲಿ ಅಲ್ಲಿಗೆ ಹೋದ ನೆಂಟ. ಅದು ಶ್ರೀಮಂತರ ಬಂಗಲೆಗಳ ಮುಂದೆ, ಹುಲ್ಲುಹಾಸಿನ ಮೇಲೆ ಒಂಟಿಯಾಗಿ ನಿಂತು ಮನೆಯ ಅಂತಸ್ತನ್ನು ಸಾರುವ ಮರವಾಯಿತು. ಹದಿನೆಂಟನೆಯ ಶತಮಾನದಲ್ಲಿ ಸಿರಿವಂತರ ಉದ್ಯಾನಗಳನ್ನು ರೂಪಿಸಿದ ‘ಕೇಪಬಿಲಿಟಿ’ ಬ್ರೌನ್ ಕೂಡ ಈ ಸೀಡರನ್ನು ಬಹಳ ಮೆಚ್ಚಿ ನೆಡಿಸಿದ. 1831ರಲ್ಲಿ ನಮ್ಮ ದೇವದಾರುವಿನ ಬೀಜವೂ ಅಲ್ಲಿಗೆ ಹೋಯಿತು.

ಹೀಗೆ ಪಳಗಿದ ಕಣ್ಣು ಹಿಮಾಲಯದ ತಪ್ಪಲಲ್ಲಿ ಶಿಮ್ಲಾ, ಮಸ್ಸೂರಿ, ನೈನಿತಾಲ್ ಎಂದು ಗಿರಿಧಾಮಗಳನ್ನು ಕಟ್ಟಿತು. 1869ರಲ್ಲಿ ರಾಣಿಖೇತ್ ದಂಡುಪ್ರದೇಶವಾಯಿತು. ಚರ್ಚಿನ ಬದಿಗೆ, ಬಂಗಲೆಯ ದಾರಿಗೆ, ಹಿಮ ಕಾಣುವ ತಿರುವಿಗೆ ದೇವದಾರು ಶೋಭೆ. ಬಾಂಜ್ ಓಕಿನ ಜಾತಿಯದೇ ಆದರೂ ಅವರ ಓಕಿನಂತೆ ನೆಟ್ಟಗೆ ದೊಡ್ಡ ಹಲಗೆ ಕೊಡುವ ಮರವಲ್ಲ. ಹಾಗಾಗಿ ಅದು ಬಂಗಲೆಯ ಒಳಗೆ ಹೋಯಿತು, ಸೌದೆಯಾಗಿ, ಇದ್ದಿಲಾಗಿ. ಹೊರಗೆ ದೇವದಾರುವನ್ನು ನೋಡುತ್ತ ಕುಳಿತವರ ಕೈಕಾಲು ಬೆಚ್ಚಗಾದದ್ದು ಬಾಂಜ್ ಬೆಂಕಿಯಿಂದ.

ಆದರೆ ದೇವದಾರುವಿನ ಚೆಲುವೂ ಅದನ್ನು ಕಾಯಲಿಲ್ಲ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿತು. ಆಮೇಲೆ ದೇಶದುದ್ದಕ್ಕೂ ಹಳಿ. ಒಂದು ಮೈಲಿ ಹಳಿಗೆ ಹತ್ತಿರ ಹತ್ತಿರ ಎರಡು ಸಾವಿರ ಸ್ಲೀಪರ್ ಬೇಕು. ಔಷಧಿ ಹಚ್ಚದೆಯೇ ಗೆದ್ದಲು ತಾಳುವ ಮರಗಳೆಂದರೆ ತೇಗ, ಸಾಲ್, ದೇವದಾರು. ಪಾರ್ವತಿಯ ಮಗ ರೈಲುಹಳಿಯ ಅಡಿಗೆ ಹೋದ. ಫ್ರೆಡರಿಕ್ ವಿಲ್ಸನ್ ಎಂಬವನು 1850ರಲ್ಲಿ ಟೆಹ್ರಿಯ ರಾಜನಿಂದ ಕಾಡನ್ನು ಗುತ್ತಿಗೆ ಪಡೆದು, ಹರ್ಸಿಲ್ ಸುತ್ತಿನ ದೇವದಾರುಗಳನ್ನು ಕಡಿಸಿ ಭಾಗೀರಥಿಯಲ್ಲಿ ತೇಲಿಬಿಟ್ಟ. ದಿಮ್ಮಿಗಳು ತಾವಾಗಿ ಬಯಲಿಗೆ ಇಳಿದವು, ವಿಲ್ಸನ್ ಕುಬೇರನಾದ. ಅವನು ಮದುವೆಯಾದದ್ದು ಅಲ್ಲಿಯದೇ ಮುಖ್ಬಾ ಊರಿನ ಗುಲಾಬಿ ಎಂಬ ಹುಡುಗಿಯನ್ನು. ವಿಲ್ಸನ್ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಮರಗಳು ನದಿಗೆ ಉರುಳುವುದನ್ನು ಕಂಡು ಗುಲಾಬಿಗೆ ಏನನ್ನಿಸಿತು ಎಂಬುದು ಮಾತ್ರ ಎಲ್ಲೂ ಇಲ್ಲ.

ಕಡಿದದ್ದು ಅತಿಯಾದಾಗ 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿತು. ಇಲಾಖೆಗೆ ಕಾಡೆಂದರೆ ದಿಮ್ಮಿ. ಯಾವ ಮರ ಬೇಗ ಬೆಳೆದು ಹಣ ಕೊಡುತ್ತದೋ ಅದು ಒಳ್ಳೆಯ ಮರ. ಈ ಲೆಕ್ಕದಲ್ಲಿ ಗೆದ್ದದ್ದು ದೇವದಾರುವೂ ಅಲ್ಲ, ಬಾಂಜೂ ಅಲ್ಲ. ‘ಚೀಡ್’ ಎನ್ನುವ ಪೈನ್. ಅದರಿಂದ ರಾಳ ಬರುತ್ತದೆ, ಟರ್ಪೆಂಟೈನ್ ಬರುತ್ತದೆ, ಔಷಧಿ ಹಚ್ಚಿದರೆ ಸ್ಲೀಪರೂ ಆಗುತ್ತದೆ. ಬಾಂಜ್ ಕಡಿದ ಎಷ್ಟೋ ಕಡೆ ಪೈನ್ ಹಬ್ಬಿತು. ಪೈನ್ ಸೂಜಿಯನ್ನು ಹಸು ತಿನ್ನದು, ಅದು ಬೇಗ ಕೊಳೆಯದು. ಬೇಸಿಗೆಯಲ್ಲಿ ಕಿಡಿ ಬಿದ್ದರೆ ಬೆಟ್ಟವೇ ಹೊತ್ತುತ್ತದೆ. ಬಾಂಜಿನ ಬುಡದಲ್ಲಾದರೆ ಎಲೆ ಕೊಳೆತು ಮೆತ್ತನೆಯ ಮಣ್ಣಾಗುತ್ತದೆ, ಮಳೆಯ ನೀರನ್ನು ಹೀರಿಟ್ಟುಕೊಂಡು ನಿಧಾನಕ್ಕೆ ನೌಲಾಗಳಿಗೆ ಬಿಡುತ್ತದೆ. ಬಾಂಜ್ ಹೋದರೆ ಮೊದಲು ಗೊತ್ತಾಗುವುದು ಯಾರಿಗೆ? ಕೊಡ ಹಿಡಿದು ಹೋಗುವವಳಿಗೆ.

1911ರಿಂದ 1917ರವರೆಗೆ ಕುಮಾವೂನಿನಲ್ಲಿ ಊರವರ ಕಾಡುಗಳನ್ನೆಲ್ಲ ಅಳೆದು ಮೀಸಲು ಅರಣ್ಯ ಮಾಡಿದರು. ಸೊಪ್ಪಿಗೆ ಲೆಕ್ಕ, ಸೌದೆಗೆ ಲೆಕ್ಕ, ಮೇವಿಗೆ ಲೆಕ್ಕ. ಜೊತೆಗೆ ಸಾಹೇಬರ ಸಾಮಾನು ಹೊರುವ ಬಿಟ್ಟಿ ಚಾಕರಿ ಬೇರೆ. 1921ರ ಜನವರಿ, ಮಕರ ಸಂಕ್ರಾಂತಿಯ ಜಾತ್ರೆಗೆ ಬಾಗೇಶ್ವರದಲ್ಲಿ ಸೇರಿದ ಸಾವಿರಾರು ಜನ ಬಿಟ್ಟಿ ಚಾಕರಿಯ ದಾಖಲೆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಆ ಬೇಸಿಗೆಯಲ್ಲಿ ಮೀಸಲು ಕಾಡುಗಳಿಗೆ ಬೆಂಕಿ ಬಿತ್ತು. ಬೆಂಗಳೂರಿನಲ್ಲಿ ನೆಲೆಸಿರುವ ಚರಿತ್ರೆಕಾರ ರಾಮಚಂದ್ರ ಗುಹಾ ಈ ಬೆಟ್ಟಗಳ ರೈತರ ಪ್ರತಿಭಟನೆಗಳನ್ನು ಕುರಿತು 1989ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸಂಗತಿ ಗುರುತಿಸಿದ್ದಾರೆ. ಜನ ಸುಟ್ಟದ್ದು ಸರಕಾರದ ಪೈನ್ ಕಾಡುಗಳನ್ನು. ಅಗಲ ಎಲೆಯ ಓಕ್ ಕಾಡುಗಳನ್ನು ಹಾಗೆ ಸುಡಲಿಲ್ಲ. ಸಿಟ್ಟಿನಲ್ಲಿಯೂ ಜನ ಯಾವ ಮರ ತಮ್ಮದು ಎಂಬುದನ್ನು ಮರೆತಿರಲಿಲ್ಲ. ಈ ಗಲಾಟೆಯ ಫಲವಾಗಿ 1931ರಲ್ಲಿ ಊರವರೇ ಕಾಡು ನೋಡಿಕೊಳ್ಳುವ ವನಪಂಚಾಯಿತಿಗಳು ಬಂದವು.

ಸ್ವಾತಂತ್ರ್ಯ ಬಂದ ಮೇಲೆ ಬಾಂಜ್ ಪರವಾಗಿ ಮಾತಾಡಿದವರಲ್ಲಿ ಮೊದಲಿಗರು ಒಬ್ಬ ಇಂಗ್ಲಿಷ್ ಹೆಂಗಸು ಎನ್ನುವುದು ನನಗೆ ಬಹಳ ಪ್ರಿಯವಾದ ವಿಷಯ. ನೌಕಾದಳದ ದೊಡ್ಡ ಅಧಿಕಾರಿಯ ಮಗಳು ಮೆಡಲಿನ್ ಸ್ಲೇಡ್, 1925ರಲ್ಲಿ ಗಾಂಧೀಜಿಯ ಆಶ್ರಮಕ್ಕೆ ಬಂದು ಮೀರಾಬೆಹೆನ್ ಆದವರು. ಗಾಂಧೀಜಿ ಹೋದ ಮೇಲೆ ಹಿಮಾಲಯದ ಭಿಲಂಗನಾ ಕಣಿವೆಯಲ್ಲಿ ಹಸು ಸಾಕಿಕೊಂಡಿದ್ದರು. ಕಾಲದಿಂದ ಕಾಲಕ್ಕೆ ಪ್ರವಾಹ ಹೆಚ್ಚುವುದನ್ನು ಕಂಡು, ಬೆಟ್ಟ ಹತ್ತಿ ಇಳಿದು ನೋಡಿ, ಬಾಂಜ್ ಹೋಗಿ ಪೈನ್ ಬರುತ್ತಿರುವುದೇ ಇದಕ್ಕೆ ಕಾರಣ ಎಂದು ಗುರುತಿಸಿದರು. ಹಿಮಾಲಯದಲ್ಲಿ ಏನೋ ತಪ್ಪಾಗಿದೆ ಎಂಬ ಅರ್ಥದ ತಲೆಬರಹ ಕೊಟ್ಟು 1952ರಲ್ಲಿ ಲೇಖನ ಬರೆದರು. ಓಕನ್ನು ನೋಡುತ್ತ ಬೆಳೆದ ನಾಡಿನವರು ಆಕೆ. ಆದರೆ ಬಾಂಜಿನ ಬೆಲೆ ತಿಳಿದದ್ದು ಬಂಗಲೆಯ ಜಗಲಿಯಿಂದಲ್ಲ, ಕೊಟ್ಟಿಗೆಯಿಂದ.

1974ರ ಮಾರ್ಚ್ 26ರಂದು ರೇಣಿ ಎಂಬ ಊರಿನಲ್ಲಿ ಗಂಡಸರು ಇಲ್ಲದ ಹೊತ್ತು ನೋಡಿ ಮರ ಕಡಿಯುವವರು ಬಂದಾಗ, ಗೌರಾದೇವಿ ಇಪ್ಪತ್ತೇಳು ಹೆಂಗಸರನ್ನು ಕಟ್ಟಿಕೊಂಡು ಅಡ್ಡ ನಿಂತ ಕಥೆ ಪಠ್ಯಪುಸ್ತಕಗಳಲ್ಲೇ ಇದೆ. ಆ ಚಿಪ್ಕೊ ಚಳವಳಿಯ ಗಾಳಿ ನಮ್ಮಲ್ಲಿಗೂ ಬಂದು, 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಅಪ್ಪಿಕೊ ಶುರುವಾಯಿತು. ಇದನ್ನು ಮತ್ತೆ ಹೇಳುವುದಿಲ್ಲ. ಪಠ್ಯಪುಸ್ತಕಕ್ಕೆ ಅಷ್ಟಾಗಿ ಬಾರದ ಇನ್ನೊಂದನ್ನು ಹೇಳುತ್ತೇನೆ.

ಚಮೋಲಿ ಜಿಲ್ಲೆಯಲ್ಲಿ ಡುಂಗ್ರಿ ಪೈಂತೋಲಿ ಎಂಬ ಊರು. 1980ರಲ್ಲಿ ಸರಕಾರದ ತೋಟಗಾರಿಕೆ ಇಲಾಖೆಗೆ ಆಲೂಗಡ್ಡೆ ಬೀಜದ ಫಾರಂ ಮಾಡಲು ಅಲ್ಲಿನ ಬಾಂಜ್ ಕಾಡು ಬೇಕಾಯಿತು. ಬದಲಿಗೆ ಊರಿಗೆ ಸಿಮೆಂಟು ರಸ್ತೆ, ಹೈಸ್ಕೂಲು, ಆಸ್ಪತ್ರೆ, ವಿದ್ಯುತ್ತು ಬರುವುದೆಂಬ ಮಾತು. ಊರಿನ ಗಂಡಸರ ಪಂಚಾಯಿತಿ ಒಪ್ಪಿತು. ಒಪ್ಪದೆ ಏನು ಮಾಡುತ್ತಾರೆ? ಶಾಲೆ, ಆಸ್ಪತ್ರೆ, ದೀಪ, ಯಾವುದು ಬೇಡವಾದದ್ದು? ಆದರೆ ಹೆಂಗಸರು ಒಪ್ಪಲಿಲ್ಲ. ಕಾಡು ಹೋದರೆ ಸೊಪ್ಪಿಗೆ, ಸೌದೆಗೆ ದಿನವೂ ಇನ್ನಷ್ಟು ಮೈಲಿ ನಡೆಯಬೇಕಾದವರು ಅವರು. ರೇಣಿಯ ಹೆಂಗಸರು ಎದುರಿಸಿದ್ದು ಹೊರಗಿನಿಂದ ಬಂದವರನ್ನು. ಇವರು ಎದುರಿಸಿದ್ದು ಸ್ವಂತ ಗಂಡಂದಿರನ್ನು, ಮಾವಂದಿರನ್ನು, ಸಂಜೆ ಮನೆಗೆ ಹೋದರೆ ಯಾರಿಗೆ ರೊಟ್ಟಿ ಬಡಿಸಬೇಕೋ ಅವರನ್ನು. ಬೈಗುಳ, ಬೆದರಿಕೆ ಯಾವುದಕ್ಕೂ ಅವರು ಹಿಂದೆಗೆಯಲಿಲ್ಲ. ಕಡಿತ ನಿಂತಿತು, ಬಾಂಜ್ ಕಾಡು ಉಳಿಯಿತು. ಮರುವರ್ಷ, 1981ರಲ್ಲಿ, ಆ ಬೆಟ್ಟಗಳಲ್ಲಿ 1,000 ಮೀಟರಿಗಿಂತ ಎತ್ತರದ ಹಸಿರು ಮರ ಕಡಿಯುವುದಕ್ಕೇ ಸರಕಾರ ತಡೆ ಹಾಕಿತು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆ. ಕಾರಣ ಹೇಳಬೇಕು.

2001ರ ಸುಮಾರಿಗೆ ಕಾಫಿ ಬೆಲೆ ಪಾತಾಳಕ್ಕೆ ಇಳಿದದ್ದು ಕಾಫಿ ಸೀಮೆಯವರಿಗೆ ನೆನಪಿರಬಹುದು. ಕೊಯ್ಲಿನ ಕೂಲಿಯೂ ಹುಟ್ಟದ ಕಾಲ. ಬ್ಯಾಂಕಿನ ಸಾಲ ತಲೆಯ ಮೇಲೆ. ಆಗ ನಮ್ಮ ಅಣ್ಣ, ತೋಟದ ಮೇಲಿನ ಒರತೆಯ ಸುತ್ತ ಇದ್ದ ಅತ್ತಿ, ಬಸರಿ, ಹಲಸು, ನಂದಿ ಮರಗಳನ್ನು ಕೊಟ್ಟು ಆ ಜಾಗಕ್ಕೆ ಸಿಲ್ವರ್ ಹಾಕುವುದೆಂದು ಮಾಡಿದ. ಸಿಲ್ವರಿಗೆ ಮೆಣಸು ಹಬ್ಬಿಸಬಹುದು. ಬೇಗ ಬೆಳೆಯುತ್ತದೆ. ಬೇಕಾದಾಗ ಕಡಿಯಲು ಕಾಡುಮರಗಳ ಹಾಗೆ ಇಲಾಖೆಯ ಅನುಮತಿಗೆ ಅಲೆಯಬೇಕಾಗಿಲ್ಲ. ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅಮ್ಮನಿಗೆ ಮಾತ್ರ ಮನಸ್ಸಿರಲಿಲ್ಲ. “ಆ ಮರಗಳ ಬುಡದಲ್ಲೇ ಅಲ್ವಾ ನೀರಿರೋದು” ಎಂದು ಒಂದೇ ಮಾತು ಅಂದರು. ಅಣ್ಣ ಮರ್ಯಾದೆಗೆಂದು ನನ್ನನ್ನೂ ಕೇಳಿದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. “ನಿನಗೆ ಸರಿ ಕಂಡ ಹಾಗೆ ಮಾಡಣ್ಣ, ಕೊಟ್ಟ ಹೆಣ್ಣು ನಾನೇನು ಹೇಳಲಿ” ಎಂದುಬಿಟ್ಟೆ. ಮರ ಕೊಟ್ಟ ಹಣದಲ್ಲಿ ಸ್ವಲ್ಪ ನನ್ನ ಮಗಳ ಮದುವೆಗೂ ಬಂತು. ಅದನ್ನೂ ಹೇಳದಿದ್ದರೆ ಪೂರ್ತಿ ನಿಜ ಹೇಳಿದ ಹಾಗಾಗುವುದಿಲ್ಲ.

ಒರತೆ ಬತ್ತಿಯೇ ಹೋಯಿತು ಎಂದು ಬರೆದರೆ ಕಥೆಗೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಮೊದಲು ಮೇ ತಿಂಗಳಲ್ಲೂ ಬಿಂದಿಗೆ ಮುಳುಗುತ್ತಿದ್ದ ಹೊಂಡ ಈಗ ಮಾರ್ಚಿಗೇ ಕೆಸರು. ಅಕ್ಕಪಕ್ಕದ ಬೋರ್‌ವೆಲ್ಲುಗಳ ಪಾಲೂ ಅದರಲ್ಲಿದ್ದೀತು. ಅಮ್ಮ ಯಾರನ್ನೂ ದೂರಲಿಲ್ಲ. ಬೇಸಿಗೆಯಲ್ಲಿ ಖಾಲಿ ಬಿಂದಿಗೆ ಹಿಡಿದು ಬಂದಾಗ, ಅದನ್ನು ಕಟ್ಟೆಯ ಮೇಲೆ ಇಡುವ ಸದ್ದೇ ಸಾಕಾಗಿತ್ತು.

ಎದುರು ಮನೆಯ ಬಾಂಜ್ ಮರವನ್ನು ತೆಗೆದು ದೇವದಾರು ನೆಡಬೇಕಿತ್ತು ಎಂದಿದ್ದೆನಲ್ಲ, ಆ ಮಾತು ಬಂದದ್ದು ಎಲ್ಲಿಂದ ಎಂದು ಈಗ ಗೊತ್ತು. ನಾನು ಆ ಜಗಲಿಯಲ್ಲಿ ಕುಳಿತಿದ್ದೆ, ಕೈಯಲ್ಲಿ ಕಾಫಿ ಲೋಟವಿತ್ತು. ನೀರು ತರುವ ಕೆಲಸ ನನ್ನದಾಗಿರಲಿಲ್ಲ. ಹಾಗೆ ಕುಳಿತವರಿಗೆ ದೇವದಾರುವೇ ಚೆಂದ ಕಾಣುತ್ತದೆ. ಅದು ಸುಳ್ಳಲ್ಲ. ದೇವದಾರು ನಿಜಕ್ಕೂ ಚೆಂದವೇ. ಬಾಂಜಿನ ಚೆಂದ ಕಾಣಬೇಕಾದರೆ ಮಾತ್ರ ಅದರ ಬುಡಕ್ಕೆ ಹೋಗಬೇಕು, ಸ್ವಲ್ಪ ಬಗ್ಗಬೇಕು.

ಹಾಗೆಂದು ದೇವದಾರುವನ್ನು ಕಡಿಮೆ ಮಾಡಿ ಬಾಂಜನ್ನು ದೇವರು ಮಾಡಲು ನನಗೆ ಮನಸ್ಸಿಲ್ಲ. ಬಾಂಜಿಗೆ ಹೆಂಗಸರ ಕುಡುಗೋಲಿನಿಂದಲೂ ಅಪಾಯವಿದೆ. ಊರಿನ ಹತ್ತಿರದ ಮರಗಳನ್ನು ಬಿಡುವು ಕೊಡದೆ ಸವರಿದರೆ ಅವು ಬೀಜ ಕಟ್ಟುವುದಿಲ್ಲ, ಹೊಸ ಸಸಿ ಏಳುವುದಿಲ್ಲ. ಸರದಿಯ ಮೇಲೆ ಸವರಬೇಕೆಂಬ ಕಟ್ಟುಪಾಡು ಉಳಿದ ಊರಲ್ಲಿ ಕಾಡು ಉಳಿದಿದೆ. ಇನ್ನು ದೇವದಾರುವಿಗೆ ದೇವರ ಕಾವಲೂ ಈಗ ಸಾಲದು. 2024ರಲ್ಲಿ ಜಾಗೇಶ್ವರದ ರಸ್ತೆ ಅಗಲ ಮಾಡಲು ಸಾವಿರದಷ್ಟು ದೇವದಾರುಗಳಿಗೆ ಗುರುತು ಹಾಕಿದಾಗ ತಕರಾರು ತೆಗೆದವರು ಊರಿನ ಜನ. ಹಿಮಾಲಯದ ಸೆಲೆಗಳು ಬತ್ತುತ್ತಿವೆ ಎಂದು 2018ರಲ್ಲಿ ನೀತಿ ಆಯೋಗದ ವರದಿಯೂ ಎಚ್ಚರಿಸಿತು. ಆಮಾ ಕೈ ತೋರಿಸಿ ಒಂದೇ ಶಬ್ದದಲ್ಲಿ ಹೇಳಿದ್ದು ಅದನ್ನೇ.

2005ರಲ್ಲಿ ಕಾನೂನು ಬದಲಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂತು. ಹಾಗಾಗಿ ಈಗ ತೋಟದ ವಿಷಯಕ್ಕೆ ನನ್ನ ಸಹಿಯೂ ಬೇಕು, ಬರೀ ಮರ್ಯಾದೆಯ ಮಾತಲ್ಲ. ಅಮ್ಮ ತೀರಿಕೊಂಡಿದ್ದಾರೆ. ಒರತೆಯ ಬಳಿ ಉಳಿದಿರುವುದು ಒಂದೇ ಬಸರಿ. ಕಳೆದ ವರ್ಷ ಅಣ್ಣನ ಮಗ ಕಾಗದ ಹಿಡಿದು ಬಂದ. ಒಳ್ಳೆಯ ಹುಡುಗ, ನನ್ನನ್ನು ಕಂಡರೆ ಪ್ರೀತಿ. “ಅತ್ತೆ, ಆ ಒಂದು ಮರದಿಂದ ಅರ್ಧ ಎಕರೆ ನೆರಳಾಗ್ತಿದೆ. ತೆಗೆದರೆ ಅಲ್ಲಿಗೂ ಸಿಲ್ವರ್ ಹಾಕಬಹುದು” ಎಂದ.

“ಬೇಡಪ್ಪ” ಎಂದೆ.

ಅವನು ಸ್ವಲ್ಪ ಹೊತ್ತು ಕಾದ, ಇನ್ನೇನಾದರೂ ಹೇಳುತ್ತೇನೇನೋ ಎಂದು. ಡುಂಗ್ರಿ ಪೈಂತೋಲಿಯ ಕಥೆ ಹೇಳೋಣವೆನಿಸಿತು, ಬಾಯಿಗೆ ಬರಲಿಲ್ಲ. ಕಾಫಿ ಮಾಡಿ ಕೊಟ್ಟೆ. ಅವನು ಕುಡಿದು, ಕಾಗದ ಮಡಚಿಕೊಂಡು ಹೋದ. ಆಮೇಲೆ ಎರಡು ತಿಂಗಳು ಫೋನು ಮಾಡಲಿಲ್ಲ. ದೀಪಾವಳಿಗೆ ಅವನ ಹೆಂಡತಿಯೇ ಮಾಡಿದಳು. ಹಬ್ಬದ ಮಾತೆಲ್ಲ ಆದ ಮೇಲೆ, ದನಿ ತಗ್ಗಿಸಿ, “ಅತ್ತೆ, ಮರ ಹಾಗೇ ಇದೆ. ಈ ಸಲ ಹೊಂಡ ಚೆನ್ನಾಗಿ ತುಂಬಿದೆ” ಎಂದಳು.